ಗೋಡೆ ಮರಳಿಸಿದ ಸದ್ದು

ಆ ಗುರುವಾರ ಮಾಡಿದ ಕೆಲಸಗಳು ಇವು. ಇಡ್ಲಿಗೆ ನೆನೆಹಾಕಿದ್ದು. ಹೊದಿಕೆಗಳನ್ನು ಒಗೆದು ಹಿತ್ತಲ ಹಗ್ಗಕ್ಕೆ ಹಾಕಿ, ಗಾಳಿ ಜೋರಿದ್ದುದರಿಂದ ಒಂದೊಂದಕ್ಕೂ ಆರಾರು ಕ್ಲಿಪ್ಪು ಸಿಕ್ಕಿಸಿದ್ದು. ಮಾವನವರ ಬಿ.ಪಿ. ಮಾತ್ರೆಗಳನ್ನು ವಾರದ ಡಬ್ಬಿಗೆ ಹಂಚಿದ್ದು. ಮಗಳ ಶಾಲೆಯ ಸ್ಕರ್ಟಿನ ಅಂಚು ಬಿಚ್ಚಿ, ಒಂದಿಂಚು ಇಳಿಸಿ, ಮತ್ತೆ ಹೊಲಿದದ್ದು. ಪಕ್ಕದ ಮನೆಯವರು ಬೇಲಿಯ ಮೇಲಿಟ್ಟು ಹೋಗಿದ್ದ ಮೂರು ಜುಕಿನಿಗಳನ್ನು ಒಳಗೆ ತಂದದ್ದು. ಇನ್ನೆರಡು ದಿನ ಗಿಡದಲ್ಲೇ ಬಿಟ್ಟಿದ್ದರೆ ಸೋರೆಕಾಯಿಯಾಗುತ್ತಿದ್ದವು. ಕಸದ ಡಬ್ಬಿಯನ್ನು ರಸ್ತೆಯಿಂದ ಒಳಗೆ ಎಳೆದದ್ದು. ಆಮೇಲೆ ಮಧ್ಯಾಹ್ನ, ಮಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೂಪರ್‌ಮಾರ್ಕೆಟ್ಟಿನ ಹಿಂದಿನ ಗೋಡೆಯ ಪಕ್ಕದಲ್ಲಿ ಕಾರನ್ನು ಎಂಟು ಸಲ ಅತ್ತಿಂದಿತ್ತ ಓಡಿಸಿದ್ದು.

ಹೇಳಬೇಕಾದ್ದು ಈ ಕೊನೆಯದನ್ನು.

ನಾವಾಗ ಅಪ್ಪರ್ ಹಟ್‌ನಲ್ಲಿದ್ದೆವು. ಕಣಿವೆಯ ತುದಿಯ ಊರು. ಅಲ್ಲಿ ಬೇಸಿಗೆಯಾದ ಫೆಬ್ರುವರಿಯಲ್ಲೂ ಕೆಲವು ಬೆಳಿಗ್ಗೆ ನದಿಯ ಮೇಲೆ ಮಂಜು ಕೂತಿರುತ್ತಿತ್ತು. ಎಂಟೂವರೆಯ ಹೊತ್ತಿಗೆ ಯಾರೋ ನಿದ್ದೆಯಲ್ಲಿರುವವರ ಹೊದಿಕೆಯನ್ನು ಮೆಲ್ಲಗೆ ಎಳೆದ ಹಾಗೆ ಎದ್ದುಹೋಗುತ್ತಿತ್ತು. ನಮ್ಮವರು ಬೆಳಗಿನ ರೈಲು ಹಿಡಿದು ವೆಲಿಂಗ್ಟನ್ನಿಗೆ ಹೋಗುತ್ತಿದ್ದರು. ನಾನು ವಾರಕ್ಕೆ ಮೂರು ದಿನ, ಸೋಮವಾರ, ಮಂಗಳವಾರ, ಶುಕ್ರವಾರ, ಹೇವರ್ಡ್ಸ್ ಗುಡ್ಡ ಹತ್ತಿ ಇಳಿದು ಜಾನ್ಸನ್‌ವಿಲ್‌ಗೆ ಹೋಗುತ್ತಿದ್ದೆ. ಅಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ರೋಗಿಗಳನ್ನು ಬರಮಾಡಿಕೊಳ್ಳುವ ಕೆಲಸ ನನ್ನದು.

ಕಾರು ಜಪಾನಿನಿಂದ ಹಡಗಿನಲ್ಲಿ ಬಂದ ಹಳೆಯದು. ಕೀಲಿ ತಿರುಗಿಸಿದ ಕೂಡಲೇ ಒಳಗಿನಿಂದ ಒಬ್ಬ ಹೆಂಗಸು ಜಪಾನಿ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಎಷ್ಟೋ ವರ್ಷ ನಾವದನ್ನು ಸ್ವಾಗತದ ಮಾತೆಂದು ತಿಳಿದಿದ್ದೆವು. ಮಗಳು ಶಾಲೆಯಲ್ಲಿ ಜಪಾನಿ ಕಲಿಯಲು ಶುರುಮಾಡಿದ ಮೇಲೆ ಗೊತ್ತಾಯಿತು, ಅವಳು ಹೇಳುತ್ತಿದ್ದದ್ದು ಟೋಲ್ ಕಾರ್ಡು ಹಾಕಿಲ್ಲ ಎಂದು. ಯಾವುದೋ ದೂರದ ರಸ್ತೆಯ ಟೋಲಿಗಾಗಿ ದಿನಾ ಬೆಳಿಗ್ಗೆ ನೆನಪಿಸುವ ಆ ದನಿಯ ಮೇಲೆ ನನಗೆ ಆಮೇಲೆ ಪ್ರೀತಿ ಹೆಚ್ಚೇ ಆಯಿತು. ನಲವತ್ತೊಂದನೆಯ ವಯಸ್ಸಿನಲ್ಲಿ ನಾನು ಡ್ರೈವಿಂಗ್ ಕಲಿತದ್ದೂ ಅದೇ ಕಾರಿನಲ್ಲಿ. ಅದರ ಒಂದೊಂದು ಸದ್ದೂ ನನಗೆ ಅಡುಗೆಮನೆಯ ಪಾತ್ರೆಗಳ ಸದ್ದಿನಷ್ಟೇ ಪರಿಚಯ. ಹಿಂದಿನ ಸೀಟಿನಡಿ ಉರುಳುವ ನೀರಿನ ಬಾಟಲಿ, ಚಳಿಗೆ ಗೊಣಗುವ ಬೆಲ್ಟು, ಮಳೆ ನಿಂತ ಮೇಲೂ ಒಂದು ಸಲ ಹೆಚ್ಚಿಗೆ ಒರೆಸಿ ಕಿರುಗುಡುವ ವೈಪರು.

ಹೊಸ ಸದ್ದು ಶುರುವಾದದ್ದು ಜನವರಿಯ ಕೊನೆಯಲ್ಲಿ, ಗುಡ್ಡ ಇಳಿಯುವಾಗ. ಕಿರ್ ಎನ್ನುವಂಥದ್ದಲ್ಲ, ಗರಗರ ಅಲ್ಲ, ಟಕಟಕ ಅಲ್ಲ. ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚನ್ನು ಸವರಿದರೆ ಬರುತ್ತದಲ್ಲ, ಹಾಗೆ ಕೀಂ ಎಂದು, ಎಲ್ಲೋ ತುಂಬ ಮೇಲಿನಿಂದ ಎಳೆದ ತೆಳ್ಳನೆಯ ದಾರ. ಮೊದಲ ದಿನ ಹೊರಗಿನ ಜೀರುಂಡೆಗಳೆಂದೇ ತಿಳಿದೆ. ಬೇಸಿಗೆಯಲ್ಲಿ ಆ ಗುಡ್ಡದ ಮರಗಳೆಲ್ಲ ಜೀರುಂಡೆಗಳ ಕೂಗಿನಿಂದ ಜುಮ್ಮೆನ್ನುತ್ತಿರುತ್ತವೆ. ಆದರೆ ಮರಗಳು ಮುಗಿದು ಸಮುದ್ರದ ಹಿನ್ನೀರು ಕಾಣಿಸಿದ ಮೇಲೂ ದಾರ ಕಡಿಯಲಿಲ್ಲ. ಜೀರುಂಡೆ ನನ್ನ ಜೊತೆಗೇ ಬರುತ್ತಿತ್ತು.

ಮನೆಗೆ ಬಂದು ಹೇಳಿದರೆ ನಮ್ಮವರು ನಕ್ಕರು. "ಅಪ್ಪ ಇಲ್ಲೇ ಇದಾರಲ್ಲ, ಭಾನುವಾರ ಕೇಳ್ಸೋಣ. ಇನ್ಯಾಕೆ ಗ್ಯಾರೇಜು?"

ಮಾವನವರು ಡಿಸೆಂಬರಿನಲ್ಲಿ ನಮ್ಮಲ್ಲಿಗೆ ಬಂದಿದ್ದರು. ಅತ್ತೆ ನಾದಿನಿಯ ಬಾಣಂತನಕ್ಕೆಂದು ಮೈಸೂರಿನಲ್ಲೇ ಉಳಿದಿದ್ದರು. ಮಾವ ಅಲ್ಲಿನ ಬಸ್ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಮೆಕ್ಯಾನಿಕ್ಕಾಗಿದ್ದವರು. ಬಸ್ಸು ಡಿಪೋದ ಅಂಗಳದಲ್ಲಿ ಒಂದು ಸುತ್ತು ಹಾಕುತ್ತಿದ್ದರೆ ಇವರು ನೀರಿನ ತೊಟ್ಟಿಯ ಪಕ್ಕ ಕಣ್ಣು ಮುಚ್ಚಿ ನಿಲ್ಲುವರಂತೆ. ಬಸ್ಸು ನಿಲ್ಲುವುದರೊಳಗೆ ಎಲ್ಲಿ, ಏನು ಎಂದು ಹೇಳಿಬಿಡುವರಂತೆ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ, ಒಳಗಿನ ಯಾವ ಭಾಗ ನರಳುತ್ತಿದೆಯೆಂದು ಕೇಳುವರಂತೆ. ಮದುವೆಯ ಹೊಸದರಲ್ಲಿ ನಮ್ಮವರು ಇದನ್ನೆಲ್ಲ ನನಗೆ ಎಷ್ಟು ಸಲ ಹೇಳಿದ್ದರೋ. ಬೇರೆಯವರು ಅಪ್ಪನ ಮನೆ, ಜಮೀನು ಹೇಳಿಕೊಳ್ಳುವ ಹಾಗೆ ಇವರು ಅಪ್ಪನ ಕಿವಿ ಹೇಳಿಕೊಳ್ಳುತ್ತಿದ್ದರು.

ಭಾನುವಾರ ನಾಲ್ವರೂ ಹೊರಟೆವು. ನಮ್ಮವರು ಸ್ಟಿಯರಿಂಗಿನಲ್ಲಿ, ಅವರ ಎಡಕ್ಕೆ ಮಾವ, ಹಿಂದೆ ನಾನು ಮತ್ತು ಹದಿಮೂರರ ಮಗಳು.

"ಅಪ್ಪ, ಕಣ್ಣು ಮುಚ್ಕೊಂಡು ಸರಿಯಾಗಿ ಕೇಳಿ. ಇವಳು ಹತ್ತು ದಿನದಿಂದ ನನ್ನ ಪ್ರಾಣ ತಿಂತಿದಾಳೆ."

"ಪ್ರಾಣ ಯಾರು ತಿಂದ್ರು? ಕ್ಲಿನಿಕ್ಕಿನ ಡ್ರಿಲ್ಲು ಕಿವೀಲಿ ಅಂಟ್ಕೊಂಡಿದೆ ಅಂತ ಆಡ್ಕೊಂಡೋರು ಯಾರು?" ಎಂದೆ ನಾನು.

"ಅಂಟ್ಕೊಳ್ದೆ ಏನು? ದಿನಾ ಹಲ್ಲು ಕೊರೆಯೋ ಕಡೆ ಕೂತ್ಕೊಳ್ಳೋಳಿಗೆ ಕಾರೂ ಹಲ್ಲು ಕೊರೆದ ಹಾಗೇ ಕೇಳ್ಸತ್ತೆ."

"ಸುಮ್ನಿರ್ರೋ ಇಬ್ರೂ," ಎಂದರು ಮಾವ. ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ತೊಡೆಯ ಮೇಲೆ ಚಾಚಿ ಕೂತರು.

ನದಿಯ ಪಕ್ಕದ ರಸ್ತೆಯಲ್ಲಿ ಸದ್ದು ಬಂದೇಬಂತು. ಆವತ್ತು ಇನ್ನೂ ಸ್ಪಷ್ಟವಾಗಿತ್ತು. ನಮ್ಮವರಿಗೂ ಕೇಳಿಸಿತೆಂದು ನನಗೆ ಗೊತ್ತು. ಕನ್ನಡಿಯಲ್ಲಿ ಅವರ ಹುಬ್ಬು ಮೇಲೆ ಹೋದದ್ದನ್ನು ನೋಡಿದೆ. ಆದರೆ ಅವರ ಕಣ್ಣೆಲ್ಲ ಅಪ್ಪನ ಮುಖದ ಮೇಲಿತ್ತು. ಅಲ್ಲಿ ಏನೂ ಕದಲಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಮಾವ ಕಣ್ಣು ಬಿಟ್ಟರು. "ಏನಿಲ್ಲ. ಗಾಡಿ ಹೂವಿನ ಹಾಗಿದೆ. ಈ ಊರಿನ ಡಾಂಬರು ಒರಟು, ಟೈರು ಮೊರೆಯತ್ತೆ ಅಷ್ಟೇ."

"ಬಟ್ ತಾತ, ಇಟ್ಸ್ ರೈಟ್ ಅಂಡರ್ ಯುವರ್ ಫೀಟ್!" ಎಂದಳು ಮಗಳು.

ಮಾವ ಹಿಂದಕ್ಕೆ ತಿರುಗಿ ನಕ್ಕು, "ಹೌದು ಪುಟ್ಟಿ, ಒರಟು," ಎಂದರು.

ನಾನು ಮಗಳ ಮೊಣಕಾಲನ್ನು ಒತ್ತಿ ಹಿಡಿದೆ. ನಮ್ಮವರು ಹಗುರಾಗಿ, "ಆಯ್ತಲ್ಲ. ಅಪ್ಪ ಇಲ್ಲ ಅಂದ್ಮೇಲೆ ಇಲ್ಲ," ಎಂದು ಮನೆಯ ಕಡೆ ತಿರುಗಿಸಿದರು.

ಮಾವನ ಮಾತಿಗೆ ಮಗನ ಮುಂದೆ ಎದುರು ಹೇಳಬಾರದೆಂದು ನನಗೆ ಯಾರೂ ಕಲಿಸಿದ್ದಲ್ಲ. ಬಡಿಸುವಾಗ ಎಡಗೈ ತಾನಾಗಿ ಹಿಂದೆ ಉಳಿಯುತ್ತದಲ್ಲ, ಹಾಗೆ ಅದು. ಸೋಮವಾರ ಬೆಳಿಗ್ಗೆ ಅದೇ ಕಾರು ಹತ್ತಿ, ಕಾರ್ಡು ಕೇಳುವ ಹೆಂಗಸಿಗೆ ಹೂಂ ಎಂದು, ಗುಡ್ಡಕ್ಕೆ ಹೊರಟೆ.

ಆ ಎರಡು ದಿನಗಳ ದಾರಿ ಈಗಲೂ ಅರೆನಿದ್ದೆಯಲ್ಲಿ ಕಂಡದ್ದರ ಹಾಗೆ ನೆನಪಿದೆ. ಗುಡ್ಡದ ನೆತ್ತಿಯಲ್ಲಿ ಮೋಡ ರಸ್ತೆಗೇ ಇಳಿದಿತ್ತು. ಮುಂದಿದ್ದ ಯೂಟ್ ಎಂಬ ತೆರೆದ ಬೆನ್ನಿನ ಗಾಡಿಯ ಹಿಂದೆ ಎರಡು ಕೆಂಪು ದೀಪ, ಅದರಾಚೆ ಬಿಳಿಯ ಶೂನ್ಯ. ಆ ಬಿಳುಪಿನಲ್ಲಿ ಸದ್ದು ಒಂದೇ ಸಮನೆ ಎಳೆಯುತ್ತಿತ್ತು. ಎಷ್ಟು ಹೊತ್ತು ಕೇಳಿದೆನೆಂದರೆ ಕೊನೆಗೆ ಅದು ಶ್ರುತಿಪೆಟ್ಟಿಗೆಯಾಯಿತು. ಚಿಕ್ಕಂದಿನಲ್ಲಿ ಕಲಿತು ಬಿಟ್ಟ ಒಂದು ದೇವರನಾಮವನ್ನು ಅದಕ್ಕೆ ಸೇರಿಸಿ ಗುನುಗಿದೆ. ಎರಡನೆಯ ಸಾಲು ನೆನಪಾಗಲಿಲ್ಲ. ಮೊದಲನೆಯದನ್ನೇ ಮತ್ತೆ ಮತ್ತೆ ಹೇಳಿದೆ. ಇಳಿಜಾರು ಶುರುವಾಗುವಲ್ಲಿ ಒಂದು ಸಂಗತಿ ಗೊತ್ತಾಯಿತು: ಬ್ರೇಕನ್ನು ಮೆಲ್ಲಗೆ ಒತ್ತಿದರೆ ಸದ್ದು ನಿಲ್ಲುತ್ತದೆ. ಕಾಲು ತೆಗೆದರೆ ಮತ್ತೆ ಶುರು. ನನಗೆ ಖುಷಿಯಾಯಿತು. ಅಳುವ ಮಗುವಿನ ಬೆನ್ನು ತಟ್ಟಿದಂತೆ ಇಡೀ ಇಳಿಜಾರನ್ನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದೆ. ಮಂಗಳವಾರವೂ ಹಾಗೇ. ಮದ್ದು ಸಿಕ್ಕಿತೆಂದುಕೊಂಡೆ.

ಬುಧವಾರ ರಜೆ. ಮಧ್ಯಾಹ್ನ ಊಟದ ಮೇಲೆ ಮಾವ ಹಿತ್ತಲ ಕಡೆಯ ಮರದ ಹಲಗೆಯ ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಪೀಚ್ ಹಣ್ಣು ಹೆಚ್ಚಿ ತಟ್ಟೆಯಲ್ಲಿ ತಂದೆ. ಬಿಸಿಲು ಅಲ್ಲಾಡದೆ ನಿಂತಿತ್ತು. ಜೀರುಂಡೆಗಳು ಎಷ್ಟು ಕೂಗುತ್ತಿದ್ದವೆಂದರೆ, ಆಚೆ ಮನೆಯ ಅಜ್ಜಿ ಬೇಲಿಯ ಬಳಿ ಬಂದು ಏನೋ ಹೇಳಿದ್ದು ಅರ್ಥವಾಗದೆ ನಾನು ಕೈಯಾಡಿಸಿ ನಕ್ಕಿದ್ದೆ. ಮಾವನವರ ಕುರ್ಚಿಯ ಬೆನ್ನಿನ ಮೇಲೆಯೇ ಒಂದು ಕೂತು ಮೈಯೆಲ್ಲ ನಡುಗಿಸುತ್ತಿತ್ತು.

ಮಾವ ಒಂದು ಹೋಳು ತೆಗೆದುಕೊಂಡು ಬೆಟ್ಟದ ಕಡೆ ನೋಡುತ್ತ ಹೇಳಿದರು: "ಎಂಥಾ ನಿಶ್ಶಬ್ದವಾದ ಊರಮ್ಮ ಇದು. ನಮ್ಮಲ್ಲಿ ಇಷ್ಟು ಬಿಸ್ಲಿಗೆ ಒಂದು ಜೀರುಂಡೆನಾದ್ರೂ ಕೂಗೋದು. ಇಲ್ಲಿ ಅದೂ ಇಲ್ಲ ನೋಡು."

"ಹೂಂ ಮಾವ," ಎಂದೆ. ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಬಂದು ಸಿಂಕಿನ ಮುಂದೆ ನಿಂತೆ.

ಆಮೇಲೆ ಒಂದೊಂದಾಗಿ ನೆನಪಾಯಿತು. ಕುಕ್ಕರಿನ ಕೂಗು ಎಣಿಸಿ ಎಂದರೆ ಅವರು ಪಕ್ಕದಲ್ಲೇ ನಿಂತು ಹಬೆ ನೋಡುತ್ತಿದ್ದದ್ದು. ಮೈಕ್ರೋವೇವ್ ಕೂಗಿ ಮುಗಿದ ಎಷ್ಟೋ ಹೊತ್ತಿನ ಮೇಲೂ ಅವರ ಹಾಲು ಅದರೊಳಗೇ ಇರುತ್ತಿದ್ದದ್ದು. ಅತ್ತೆ ಫೋನಿನಲ್ಲಿ ಕಿರುಚುತ್ತಿದ್ದದ್ದು. ನಾವದನ್ನು ದೂರದ ದೇಶಕ್ಕೆ ಮಾತಾಡುವವರ ಹಳೆಯ ಅಭ್ಯಾಸವೆಂದುಕೊಂಡಿದ್ದೆವು. ಎಲ್ಲಕ್ಕಿಂತ ಹೆಚ್ಚಾಗಿ, ಮೊಮ್ಮಗಳು ಏನು ಹೇಳಿದರೂ "ಹೌದು ಪುಟ್ಟಿ" ಎಂದು ನಗುತ್ತಿದ್ದದ್ದು. ಅವಳದು ಇಂಗ್ಲಿಷು, ಇವರದು ಕನ್ನಡ, ಅದಕ್ಕೇ ಹಾಗೆ ಎಂದು ನಾವು ಮರುಕಪಡುತ್ತಿದ್ದೆವು. ಅವಳ ಸಣ್ಣ ದನಿ ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಇಷ್ಟು ದಿನ ಭಾಷೆಯ ಮರೆಯಲ್ಲಿ ಅವರ ಕಿವಿ ಅವಿತುಕೊಂಡಿತ್ತು.

ನಮ್ಮವರಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಹೇಳುವುದೆಂದರೆ, ಕಿವಿಯಿಂದಲೇ ಬದುಕಿ, ಕಿವಿಯಿಂದಲೇ ಮಗನ ಕಣ್ಣಲ್ಲಿ ದೊಡ್ಡವರಾದವರನ್ನು ಅದೇ ಮಗನ ಮುಂದೆ ಕಿವುಡರೆಂದು ನಿಲ್ಲಿಸುವುದು. ಅದನ್ನು ಸೊಸೆ ಮಾಡುವುದು. ಹೇಳದಿದ್ದರೆ ಶುಕ್ರವಾರ ಮತ್ತೆ ಗುಡ್ಡ. ಕದ್ದು ಗ್ಯಾರೇಜಿಗೆ ಹೋಗಬಹುದಿತ್ತು, ಆದರೆ ನಮ್ಮ ಮನೆಯಲ್ಲಿ ಕದ್ದು ಮಾಡಿದ ಯಾವುದೂ ಒಂದು ದಿನಕ್ಕಿಂತ ಹೆಚ್ಚು ಬಾಳಿದ್ದಿಲ್ಲ.

ಗುರುವಾರ ಮಧ್ಯಾಹ್ನ ಕಾಫಿ ಕೊಡುವಾಗ, ಅವರಿಗೆ ಎದುರಾಗಿ ಕೂತು, ಸ್ವಲ್ಪ ದಪ್ಪ ದನಿ ಮಾಡಿಕೊಂಡು ಕೇಳಿದೆ. "ಮಾವ, ಡಿಪೋಗೆ ಹೊಸದಾಗಿ ಬಂದೋರಿಗೆ ಸದ್ದು ಹಿಡಿಯೋದನ್ನ ಹೇಗೆ ಕಲಿಸ್ತಿದ್ರಿ? ನಂಗೆ ಅದು ಎಲ್ಲಿಂದ ಬರತ್ತೆ ಅಂತ್ಲೇ ಗೊತ್ತಾಗ್ತಿಲ್ಲ."

ಅವರು ಲೋಟದೊಳಗೆ ನೋಡಿದರು. "ಅವತ್ತೇ ಹೇಳಿದ್ನಲ್ಲ, ಟೈರು."

"ಇರ್ಬಹುದು ಮಾವ. ಆದ್ರೂ ಕಲ್ತುಕೊಳ್ತೀನಿ. ನಾಳೆ ಒಬ್ಳೇ ಹೋಗ್ಬೇಕಲ್ಲ."

ಕಾಫಿ ಪೂರ್ತಿ ಮುಗಿಸಿ, ಲೋಟವನ್ನು ತಾವೇ ತೊಳೆದು ಕವುಚಿಟ್ಟರು. ಆಮೇಲೆ, "ಗೋಡೆ ಬೇಕು," ಎಂದರು.

"ಗೋಡೆನಾ?"

"ಉದ್ದದ ಗೋಡೆ. ಡಿಪೋನಲ್ಲಿ ಕಾಂಪೌಂಡ್ ಪಕ್ಕ ಓಡಿಸ್ತಿದ್ವಿ. ಬಯಲಲ್ಲಿ ಸದ್ದು ಚೆಲ್ಲಿ ಹೋಗತ್ತೆ. ಗೋಡೆ ಇದ್ರೆ ಆ ಪಕ್ಕದ್ದನ್ನ ಹಾಗೇ ವಾಪಸ್ ಕೊಡತ್ತೆ."

ಊರೊಳಗಿನ ಸೂಪರ್‌ಮಾರ್ಕೆಟ್ಟಿನ ಹಿಂದೆ ಲಾರಿಗಳು ಸಾಮಾನು ಇಳಿಸುವ ಓಣಿಯಿತ್ತು. ಒಂದು ಪಕ್ಕ ಬೂದು ಬಣ್ಣದ ಕಾಂಕ್ರೀಟು ಗೋಡೆ, ಇನ್ನೊಂದು ಪಕ್ಕ ಖಾಲಿ ಕಾರ್ ಪಾರ್ಕು. ಆ ಹೊತ್ತಿನಲ್ಲಿ ಅಲ್ಲಿ ಇದ್ದದ್ದು ಹಾಲಿನ ಕ್ರೇಟಿನ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಏಪ್ರನ್ನಿನ ಒಬ್ಬ ಹೆಂಗಸು, ಮತ್ತು ಅವಳ ಸ್ಯಾಂಡ್‌ವಿಚ್ಚಿಗೆ ಕಾದಿದ್ದ ಸಮುದ್ರದ ಹಕ್ಕಿ. ನಾಲ್ಕೂ ಕಿಟಕಿ ಇಳಿಸಿದೆ. ಗೋಡೆ ಎಡಕ್ಕಿರುವಂತೆ ಮೆಲ್ಲಗೆ ಹೊರಟೆ.

"ಬಂತಾ?" ಎಂದರು ಮಾವ.

"ಬಂತು. ದಬ್ಬಳದಷ್ಟು."

ಕೊನೆಯಲ್ಲಿ ತಿರುಗಿಸಿ, ಗೋಡೆ ಬಲಕ್ಕಿರುವಂತೆ ವಾಪಸ್ಸು.

"ಈಗ?"

"ಈಗ ಸೂಜಿಯಷ್ಟು ಮಾವ."

"ನಾನೇನು ದರ್ಜಿನಾ? ಸೂಜಿ ದಬ್ಬಳ ಬಿಟ್ಟು ಹೆಚ್ಚೋ ಕಮ್ಮಿಯೋ ಹೇಳು."

"ಎಡಗಡೆ ಗೋಡೆ ಇದ್ದಾಗ ಹೆಚ್ಚು."

"ಇನ್ನೊಂದು ಸಲ."

ಹೋದೆವು, ಬಂದೆವು. ಗೋಡೆ ನಿಧಾನವಾಗಿ ಪಕ್ಕದಲ್ಲಿ ಹರಿಯುತ್ತಿತ್ತು, ಅದರ ಮೇಲೆ ನಮ್ಮ ಕಾರಿನ ನೆರಳು, ನೆರಳಿನ ಕಿಟಕಿಯಲ್ಲಿ ಮಾವನವರ ತಲೆಯ ನೆರಳು. ಗೋಡೆ ಆ ತೆಳ್ಳನೆಯ ದಾರವನ್ನು ಸುತ್ತಿ ಸುತ್ತಿ ನನ್ನ ಕೈಗೆ ಕೊಡುತ್ತಿದ್ದಂತಿತ್ತು. ನಾಲ್ಕನೆಯ ಸುತ್ತಿಗೆ ಕ್ರೇಟಿನ ಹೆಂಗಸು ಕೈಯೆತ್ತಿ, ದಾರಿ ತಪ್ಪಿದಿರಾ ಎಂದು ಕೇಳಿದಳು. ಇಲ್ಲ, ಸದ್ದು ಕೇಳುತ್ತಿದ್ದೇವೆ ಎಂದೆ. ಅದು ದಿನನಿತ್ಯದ ಕೆಲಸವೆಂಬಂತೆ ತಲೆಯಾಡಿಸಿ ಸ್ಯಾಂಡ್‌ವಿಚ್ಚು ಕಚ್ಚಿದಳು.

"ಬಾಯಲ್ಲಿ ಮಾಡಿ ತೋರ್ಸು," ಎಂದರು ಮಾವ.

ನಾನು ಕಾರು ನಿಲ್ಲಿಸಿ, ಆದಷ್ಟು ಸಣ್ಣಗೆ, ಮೇಲಿನ ದನಿಯಲ್ಲಿ, ಕೀಂ ಎಂದು ಎಳೆದೆ. ಅವರು ನನ್ನ ತುಟಿ ನೋಡುತ್ತಿದ್ದರು.

"ಮಾಡು."

"ಮಾಡಿದ್ನಲ್ಲ ಮಾವ."

"ಸ್ವಲ್ಪ ದಪ್ಪಗೆ ಮಾಡು."

ಇಳಿಸಿದೆ. ಇನ್ನೂ ಇಳಿಸು ಎಂದರು. ಮತ್ತೆ ಇಳಿಸಿದೆ. ಇಳಿದು ಇಳಿದು, ನನ್ನ ದನಿ ಎಮ್ಮೆಕರು ಕೂಗಿದಂತಾದಾಗ ಅವರ ಮುಖ ಬೆಳಗಿತು. "ಹಾಂ, ಹೀಗಾ?"

ಹೌದೆನ್ನಬಹುದಿತ್ತು. ಹೌದೆಂದಿದ್ದರೆ ಅವರು ಬೇರೆ ಯಾವುದೋ ಕಾಯಿಲೆ ಹೇಳುತ್ತಿದ್ದರು, ನಾವು ಮನೆಗೆ ಹೋಗುತ್ತಿದ್ದೆವು.

"ಹೀಗಲ್ಲ ಮಾವ. ಇದಕ್ಕಿಂತ ತುಂಬಾ ಮೇಲೆ."

ಅವರು ಕಿಟಕಿಯಿಂದ ಕೈ ಹೊರಗೆ ಚಾಚಿ ಗೋಡೆಯನ್ನು ಮುಟ್ಟಿದರು. ಅಷ್ಟು ಹತ್ತಿರ ನಿಲ್ಲಿಸಿದ್ದೆ. ಸ್ವಲ್ಪ ಹೊತ್ತು ಕೈ ಅಲ್ಲೇ ಇತ್ತು. ಆಮೇಲೆ ಬೇರೆಯೇ ದನಿಯಲ್ಲಿ, ಕೆಲಸದ ದನಿಯಲ್ಲಿ, ಪ್ರಶ್ನೆ ಶುರುಮಾಡಿದರು. ತಿರುವಿನಲ್ಲಿ ಹೆಚ್ಚಾಗುತ್ತದೆಯೇ? ಇಲ್ಲ. ವೇಗಕ್ಕೆ ತಕ್ಕಂತೆ ಏರುತ್ತದೆಯೇ? ಹೌದು. ಗೇರು ತಟಸ್ಥಕ್ಕೆ ಹಾಕಿ ಉರುಳಿಸಿದರೆ? ಆಗಲೂ ಇರುತ್ತದೆ.

"ಬ್ರೇಕ್ ಮೆಟ್ಟಿದ್ರೆ?"

"ನಿಂತು ಹೋಗತ್ತೆ. ಅದಕ್ಕೇ ಇಳಿಜಾರಲ್ಲಿ ಮೆಟ್ಕೊಂಡೇ ಹೋಗ್ತೀನಿ."

ಮಾವ ಪೂರ್ತಿ ನನ್ನ ಕಡೆ ತಿರುಗಿದರು. "ಏನಂದೆ? ಆ ಗುಡ್ಡದಲ್ಲಾ?"

"ಹೂಂ."

"ಇದನ್ನ ಅವತ್ತೇ ಯಾಕಮ್ಮ ಹೇಳ್ಲಿಲ್ಲ?"

"ನೀವು ಏನಿಲ್ಲ ಅಂದ್ರಲ್ಲ ಮಾವ."

ಬಾಯಿಂದ ಜಾರಿಬಿಟ್ಟಿತ್ತು. ಮರಳಿ ತೆಗೆದುಕೊಳ್ಳಲು ಮಾತು ಹುಡುಕುತ್ತಿದ್ದೆ, ಅಷ್ಟರಲ್ಲಿ ಅವರು ಗೋಡೆಯ ಕಡೆಯಿಂದ ದೂರ ನಿಲ್ಲಿಸಲು ಹೇಳಿ, ಬಾಗಿಲು ತೆಗೆದು ಇಳಿದಿದ್ದರು. ಪಂಚೆಯನ್ನು ಮೇಲೆ ಕಟ್ಟಿಕೊಂಡು ಹಿಂದಿನ ಬಲ ಚಕ್ರದ ಬಳಿ ಕುಕ್ಕರುಗಾಲಿನಲ್ಲಿ ಕೂತರು. ಅಂಗೈಯನ್ನು ಚಕ್ರಕ್ಕೆ ತಾಗಿಸದೆ, ನಾಲ್ಕು ಬೆರಳಿನಷ್ಟು ದೂರದಲ್ಲಿ ಹಿಡಿದರು. ಕಾವಲಿ ಕಾದಿದೆಯೇ ಎಂದು ನಾವು ನೋಡುವುದಿಲ್ಲವೇ, ಹಾಗೆ. ಅಲ್ಲಿಂದ ಹಿಂದಿನ ಎಡಕ್ಕೆ, ಮುಂದಿನ ಬಲಕ್ಕೆ. ಒಂದೊಂದರ ಮುಂದೂ ಅಷ್ಟೇ ಹೊತ್ತು, ಕಣ್ಣು ಮುಚ್ಚಿಕೊಂಡು. ಕೊನೆಯದಾಗಿ ತಾವು ಕೂತಿದ್ದ ಪಕ್ಕದ, ಮುಂದಿನ ಎಡ ಚಕ್ರ. ಅಲ್ಲಿ ಕೈ ಹಿಡಿದವರು ತಟ್ಟನೆ ಹಿಂದಕ್ಕೆಳೆದರು.

"ಇಲ್ಲಿ ಬಾ. ಕೈ ಹಿಡಿ. ಮುಟ್ಬೇಡ."

ಹಿಡಿದೆ. ಬೇರೆ ಮೂರರ ಹತ್ತಿರವೂ ಬರೀ ಬೆಚ್ಚಗಿತ್ತು. ಇದರಿಂದ ಒಲೆಯ ಬಾಯಿಯಿಂದ ಬಂದಂಥ ಝಳ.

"ಜ್ವರ ಇದಕ್ಕೆ," ಎಂದರು. "ಬ್ರೇಕು ಕಚ್ಕೊಂಡಿದೆ. ಕಾಲು ತೆಗೆದ್ರೂ ಬಿಡ್ತಿಲ್ಲ. ಸವೆದು ಸವೆದು ಏನೂ ಉಳಿದಿರಲ್ಲ. ನಡಿ ಗ್ಯಾರೇಜಿಗೆ. ನಿಧಾನಕ್ಕೆ. ಇಳಿಜಾರಿನ ದಾರಿ ಬೇಡ."

ಅಲ್ಲಿ ಡೈರಿ ಎಂದು ಕರೆಯುವ ಮೂಲೆಯ ದಿನಸಿ ಅಂಗಡಿಯ ಹಿಂದೆ ಒಂದು ಚಿಕ್ಕ ಗ್ಯಾರೇಜಿತ್ತು. ಬಿಳಿ ಗಡ್ಡದ ಮೆಕ್ಯಾನಿಕ್ಕು ನಮ್ಮನ್ನು ಒಳಗೇ ಬರಲು ಬಿಟ್ಟು, ಕಾರನ್ನು ಎತ್ತರಿಸಿ, ಚಕ್ರ ಬಿಚ್ಚಿದ. ಒಳಗಿನ ಪ್ಯಾಡನ್ನು ಹೊರಗೆಳೆದು ಬೆಳಕಿಗೆ ಹಿಡಿದ. ಹೊರಗಿನದರಲ್ಲಿ ಬೆರಳಿನಷ್ಟು ದಪ್ಪ ಉಳಿದಿತ್ತು, ಒಳಗಿನದು ವೀಳ್ಯದೆಲೆಯಂತಾಗಿತ್ತು. ಅದನ್ನು ಹಿಡಿದುಕೊಳ್ಳುವ ಕಬ್ಬಿಣ ತುಕ್ಕು ಹಿಡಿದು ಸರಿಯಾಗಿ ಹಿಂದೆ ಸರಿಯುತ್ತಿರಲಿಲ್ಲ. ಈ ಕಾರಿನಲ್ಲಿ ನಾಳೆ ಹೇವರ್ಡ್ಸ್ ಇಳಿಯುವವಳಿದ್ದೆ ಎಂದೆ. ಅವನು ಪ್ಯಾಡನ್ನು ನನ್ನ ಕೈಗೆ ಕೊಟ್ಟ. ಅದರ ಅಂಚಿನಲ್ಲಿ ಒಂದು ಪುಟ್ಟ ತಗಡಿನ ನಾಲಗೆ ಇತ್ತು. ಪ್ಯಾಡು ಸವೆದಾಗ ಇದು ಡಿಸ್ಕಿಗೆ ತಾಗುತ್ತದೆ, ಕಿರುಚಲೆಂದೇ ಇಟ್ಟಿರುವುದು ಎಂದು ವಿವರಿಸಿದ. ನಾನದನ್ನು ಕನ್ನಡದಲ್ಲಿ ಮಾವನವರಿಗೆ ಹೇಳಿದೆ.

ಅವರು ಆ ನಾಲಗೆಯನ್ನು ಉಗುರಿನಿಂದ ಮೀಟಿದರು. ಮತ್ತೊಮ್ಮೆ ಮೀಟಿದರು. "ಕಿರುಚೋಕೇ ಇಟ್ಟಿದಾರಾ ಇದನ್ನ? ನಮ್ಮ ಬಸ್ಸಿಗೆ ಇಂಥದ್ದೆಲ್ಲ ಇರ್ಲಿಲ್ಲ. ಡ್ರಮ್ಮು, ಲೈನಿಂಗು, ಅಷ್ಟೇ."

ನನಗೆ ಬಾಗಿಲು ಸಿಕ್ಕಂತಾಯಿತು. "ನೋಡಿ ಮಾವ, ಅದಕ್ಕೇ ನಿಮ್ಗೆ ಅವತ್ತು ಗೊತ್ತಾಗ್ಲಿಲ್ಲ. ಕೇಳಿದ್ರೂ ಇದು ಇಂಥದ್ದು ಅಂತ ಹೇಗೆ ಗೊತ್ತಾಗ್ಬೇಕು? ಮನೇಲಿ ಇವ್ರಿಗೂ ಹಾಗೇ ಹೇಳೋಣ."

ಅವರು ಪ್ಯಾಡನ್ನು ಮೆಕ್ಯಾನಿಕ್ಕಿಗೆ ವಾಪಸು ಕೊಟ್ಟರು.

ಮೆಕ್ಯಾನಿಕ್ಕು, ಇದನ್ನು ಪತ್ತೆಹಚ್ಚಿದವರು ಯಾರು ಎಂದು ಕೇಳಿದ. ನನ್ನ ಮಾವ ಎಂದೆ. ಅವನು ಎಣ್ಣೆಯ ಕೈ ಒರೆಸಿಕೊಂಡು ಮಾವನವರ ಕೈ ಕುಲುಕಲು ಬಂದ. ಮಾವ ಅವನನ್ನು ತಡೆದು, ಮೊದಲು ಬೆರಳಿನಿಂದ ನನ್ನ ಕಿವಿ ತೋರಿಸಿದರು, ಆಮೇಲೆ ತಮ್ಮ ಅಂಗೈ ತೋರಿಸಿದರು. ಅದಾದ ಮೇಲೆ ಕೈ ಕೊಟ್ಟರು.

ಕಾರು ಸಿಕ್ಕಿದ್ದು ಐದು ಗಂಟೆಗೆ. ತುಕ್ಕು ಬಿಡಿಸಿ, ಎರಡೂ ಕಡೆಗೆ ಹೊಸ ಪ್ಯಾಡು ಹಾಕಿದ್ದ. ಮನೆಯ ದಾರಿಯಲ್ಲಿ ಕಿಟಕಿಗಳೆಲ್ಲ ಇಳಿದೇ ಇದ್ದವು. ಸದ್ದು ಇರಲಿಲ್ಲ. ಅಷ್ಟು ದಿನದ ಶ್ರುತಿ ನಿಂತು, ಆ ಜಾಗದಲ್ಲಿ ಬರೀ ಗಾಳಿ, ಟೈರಿನ ಮೊರೆತ. ನಾನು ಏನನ್ನೋ ಮರೆತು ಬಂದವಳ ಹಾಗೆ ಮತ್ತೆ ಮತ್ತೆ ಕಿವಿಗೊಡುತ್ತಿದ್ದೆ. ಮಾವ ಹೊರಗೆ ನೋಡುತ್ತಿದ್ದರು. ನಮ್ಮವರಿಗೆ ಯಾವ ಮಾತಿನಿಂದ ಶುರುಮಾಡಬೇಕೆಂದು ನಾನು ದಾರಿಯುದ್ದಕ್ಕೂ ಹೊಂದಿಸುತ್ತಿದ್ದೆ: ಆ ತಗಡಿನ ನಾಲಗೆಯಿಂದಲೇ ಶುರುಮಾಡಬೇಕು, ಬಸ್ಸಿನಲ್ಲಿ ಅದಿರಲಿಲ್ಲ ಎನ್ನಬೇಕು.

ಆರೂವರೆಗೆ ನಮ್ಮವರು ಸ್ಟೇಷನ್ನಿನಿಂದ ನಡೆದು ಬಂದರು. ಚೀಲ ಇಳಿಸುವ ಮೊದಲೇ ಅಡುಗೆಮನೆಯ ಮೇಜಿನ ಮೇಲಿದ್ದ ಗ್ಯಾರೇಜಿನ ಕಾಗದ ಕಂಡಿತು.

"ಏನೇ ಇದು? ಬ್ರೇಕ್ ಪ್ಯಾಡ್? ಅಪ್ಪ ಏನಿಲ್ಲ ಅಂದಿದ್ರಲ್ಲ?"

"ರೀ, ಅದು ಏನಾಯ್ತು ಅಂದ್ರೆ, ಈ ಕಾರಲ್ಲಿ ಒಂದು ಸಣ್ಣ ತಗಡು ಇರತ್ತೆ..."

"ನೀನು ಸುಮ್ನಿರಮ್ಮ," ಎಂದರು ಮಾವ. ಅವರು ಬಾಗಿಲಲ್ಲಿ ನಿಂತಿದ್ದರು. "ನಂಗೆ ಕೇಳ್ಸಲ್ಲ ಕಣೋ."

"ಏನಪ್ಪ?"

"ಸಣ್ಣ ಸದ್ದು ಯಾವ್ದೂ ಕೇಳ್ಸಲ್ಲ. ನಾಲ್ಕೈದು ವರ್ಷ ಆಯ್ತು. ನಿಮ್ಮಮ್ಮಂಗೆ ಗೊತ್ತು. ಯಾರಿಗೂ ಹೇಳ್ಬೇಡ ಅಂದಿದ್ದೆ. ಅವತ್ತು ಕಾರಲ್ಲೂ ಏನೂ ಕೇಳ್ಸಲಿಲ್ಲ. ಕೇಳ್ಸಲಿಲ್ಲ ಅನ್ನೋ ಬದ್ಲು ಏನಿಲ್ಲ ಅಂದ್ಬಿಟ್ಟೆ." ಬಾಗಿಲ ಚೌಕಟ್ಟಿಗೆ ಕೈ ಆನಿಸಿ, "ನಿನ್ನ ಹೆಂಡ್ತಿ ಬ್ರೇಕಿಲ್ದಿರೋ ಕಾರಲ್ಲಿ ಗುಡ್ಡ ಇಳೀತಿದ್ಲು. ನಾನು ಇಲ್ಲಿ ಮರ್ಯಾದೆ ಕಾಯ್ಕೊಂಡು ಹಣ್ಣು ತಿಂತಾ ಕೂತಿದ್ದೆ," ಎಂದರು.

ನಮ್ಮವರು ಕಾಗದವನ್ನು ಎರಡು ಮಡಿಕೆ ಮಾಡಿದರು, ಮತ್ತೆ ಬಿಚ್ಚಿದರು. "ನಂಗೆ ಕೇಳ್ಸಿತ್ತಪ್ಪ ಅವತ್ತು," ಎಂದರು. "ಕೇಳ್ಸಿದ್ರೂ ನೀವು ಇಲ್ಲ ಅಂದ್ರಿ ಅಂತ ಬಿಟ್ಟೆ. ನನ್ನ ಕಿವಿಗೇನು ಬಂದಿತ್ತು?"

ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ನಾನು ಹೋಗಿ ಉರಿ ಸಣ್ಣ ಮಾಡಿದೆ. ನಮ್ಮವರು ಕೈಕಾಲು ತೊಳೆಯಲು ಹೋದರು. ನೀರು ಬಹಳ ಹೊತ್ತು ಬಿದ್ದ ಸದ್ದು. ವಾಪಸು ಬಂದು ಟವೆಲ್ಲಿನಲ್ಲಿ ಮುಖ ಒರೆಸುತ್ತ ಅಪ್ಪನ ಮುಂದೆ ನಿಂತರು.

"ಹಾಗಾದ್ರೆ ಐದು ವರ್ಷದಿಂದ ನಾನು ಫೋನಲ್ಲಿ ನಿಮ್ಗೆ ಬೈದಿದ್ದೆಲ್ಲ ದಂಡ ಅನ್ನಿ."

"ಅದೆಲ್ಲ ಚೆನ್ನಾಗಿ ಕೇಳ್ಸಿದೆ ಮಗನೇ," ಎಂದರು ಮಾವ. "ನಿಂದು ದಪ್ಪ ಸದ್ದು."

ಮಗಳು ಕೋಣೆಯಿಂದ ಬಂದು ಎಲ್ಲರೂ ಯಾಕೆ ನಗುತ್ತಿದ್ದಾರೆಂದು ಕೇಳಿದಳು. ಹೇಳಿದೆ. ಅವಳು ಸ್ವಲ್ಪ ಯೋಚಿಸಿ ತಾತನ ಎದುರಿಗೆ ಕುರ್ಚಿ ಎಳೆದು, ಮುಖಕ್ಕೆ ಮುಖ ಕೊಟ್ಟು ಕೂತು, ಎದೆಯಿಂದ ದನಿ ತೆಗೆದು, ತನಗೆ ಬರುವಷ್ಟು ಕನ್ನಡದಲ್ಲಿ, "ತಾತ, ಇವತ್ತು ಸ್ಕೂಲಲ್ಲಿ ನಾನು ಏನು ಮಾಡಿದೆ ಗೊತ್ತಾ?" ಎಂದಳು. ಮಾವ "ಹೌದು ಪುಟ್ಟಿ" ಎನ್ನಲಿಲ್ಲ. "ಏನು ಮಾಡ್ದೆ?" ಎಂದರು.

ರಾತ್ರಿಗೆ ಅನ್ನ, ಇಂಡಿಯನ್ ಅಂಗಡಿಯ ಫ್ರೀಜರಿನ ಅವರೆಕಾಳು ಹಾಕಿದ ಹುಳಿ, ಬೀಟ್‌ರೂಟ್ ಪಲ್ಯ, ಮೊಸರು. ಮಾವನವರು ಎರಡನೆಯ ಸಲ ಹುಳಿ ಹಾಕಿಸಿಕೊಂಡರು. ಮಗಳು ಅವರೆಕಾಳನ್ನು ಆರಿಸಿ ತಟ್ಟೆಯ ಅಂಚಿಗಿಟ್ಟು ಒಂದು ಟೋಸ್ಟು ಮಾಡಿಕೊಂಡಳು. ಎಂಟೂವರೆಗೆ ಹೊರಗಿನ್ನೂ ಬೆಳಕಿತ್ತು. ನಮ್ಮವರು ಕಿವಿ ಪರೀಕ್ಷೆ ಎಲ್ಲಿ ಮಾಡಿಸುವುದೆಂದು ಮಾತಾಡಲು ಅಪ್ಪನ ಕೋಣೆಗೆ ಹೋದರು. ಒಳಗಿನಿಂದ ಸ್ವಲ್ಪ ಹೊತ್ತು ಡಿಪೋ, ಯಾವುದೋ ಹಳೆಯ ಬಸ್ಸು, ಗೇರ್‌ಬಾಕ್ಸು ಎಂದೆಲ್ಲ ಕೇಳಿಸಿತು, ಆಮೇಲೆ ನಿಂತಿತು. ನಾನು ಒಣಗಿದ ಹೊದಿಕೆಗಳನ್ನು ಮಡಿಸುತ್ತಿದ್ದಾಗ ಮಾವ ಹೊರಗೆ ಬಂದು ಕೈಚಾಚಿದರು.

"ಒಂದು ಇಲ್ಲಿ ಕೊಡಮ್ಮ. ಅವ್ನು ನನ್ನ ಹಾಸಿಗೆ ಮೇಲೇ ನಿದ್ದೆ ಹೋಗ್ಬಿಟ್ಟ."